ಏಳನೇ ಪುಟದ ಮೂಗು

"ಸುತ್ತಿ ಬಳಸಿ ಬೇಡ. ಮೂರಕ್ಕೂ ಏನು ವ್ಯತ್ಯಾಸ, ಅಷ್ಟು ಹೇಳಿ." ಮಾಸ್ಕ್ ಹಾಕಿದ ಹೆಂಗಸು ಕುರ್ಚಿಯನ್ನು ಕರ್ರನೆ ಎಳೆದು ಕೂತಳು.

ಸಲಹೆಗಾರ್ತಿ ನಗು ಕೆಡಿಸಿಕೊಳ್ಳಲಿಲ್ಲ. ಮೂಗಿನ ಆಸ್ಪತ್ರೆಗೆ ಮುಖ ಮುಚ್ಚಿಕೊಂಡು ಬರುವವರ ಕೋಪವೆಲ್ಲ ಬರೀ ನಾಚಿಕೆ ಎಂದು ಈ ಎಂಟು ತಿಂಗಳಲ್ಲಿ ಕಲಿತಿದ್ದಳು. ಜೊತೆಗೆ ಬಂದ ಇನ್ನೊಬ್ಬಳು ಬಾಗಿಲ ಪಕ್ಕದ ಬೆಂಚಿನಲ್ಲಿ ನೆಲ ನೋಡುತ್ತ ಕೂತಿದ್ದಳು. ಅವಳಿಗೂ ಮಾಸ್ಕ್. ಅದರೊಳಗಿಂದ ಬಾಯಲ್ಲಿ ಉಸಿರೆಳೆಯುವ ಸದ್ದು. ಒಂದೇ ಬಲೆಗೆ ಎರಡು ಮೀನು ಎಂದುಕೊಂಡಳು ಸಲಹೆಗಾರ್ತಿ.

ಗೋಡೆಯ ಗಡಿಯಾರದಲ್ಲಿ ಹತ್ತೂ ಐವತ್ತು. ಅದನ್ನು ಡಾಕ್ಟರೇ ಹತ್ತು ನಿಮಿಷ ಮುಂದಿಡಿಸಿದ್ದರು. ಹೊತ್ತು ಮೀರುತ್ತಿದೆ ಎನ್ನಿಸಿದರೆ ಮೀನಮೇಷ ಎಣಿಸುವವರೂ ಬೇಗ ಸಹಿ ಹಾಕುತ್ತಾರಂತೆ. ಇವತ್ತು ಆತುರವಿದ್ದದ್ದು ಸಲಹೆಗಾರ್ತಿಗೇ. ಹನ್ನೊಂದಕ್ಕೆ ಸರಿಯಾಗಿ ಅವಳ ಮಗಳಿಗೆ ಅರಿವಳಿಕೆ ಕೊಡುವವರಿದ್ದರು. ಕಾಲೇಜಿನಲ್ಲಿ ಗಿಳಿಮೂಗಿ ಎನ್ನಿಸಿಕೊಂಡು ಸಾಕಾದ ಹುಡುಗಿ ಮೂರು ತಿಂಗಳು ಅತ್ತೂ ಕರೆದೂ ಅಮ್ಮನನ್ನು ಒಪ್ಪಿಸಿದ್ದಳು. ಇವರದು ಮುಗಿಸಿ, ಮಗಳಿಗೆ ಮಂಪರು ಹತ್ತುವ ಮೊದಲು ಒಮ್ಮೆ ಅವಳ ಕೈ ಹಿಡಿಯಬೇಕಿತ್ತು.

"ಮೊದಲನೇದು ಇಂಜೆಕ್ಷನ್ ಮೇಡಂ. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ತಗ್ಗಿದ್ದ ಕಡೆ ಜೆಲ್ ತುಂಬಿಸ್ತಾರೆ. ವರ್ಷವೋ ಒಂದೂವರೆ ವರ್ಷವೋ ಇದ್ದು ಕರಗಿಹೋಗುತ್ತೆ."

"ಬಾಡಿಗೆ ಮೂಗು. ಮುಂದೆ?"

"ಎರಡನೇದು ಹೊಳ್ಳೆ ಒಳಗಿಂದ ಮಾಡೋದು. ಹೊರಗೆ ಗಾಯ ಕಾಣಲ್ಲ, ಊತ ಬೇಗ ಇಳಿಯುತ್ತೆ. ಆದ್ರೆ ಕೈಯಾಡಿಸೋಕೆ ಜಾಗ ಕಮ್ಮಿ. ಸಣ್ಣಪುಟ್ಟ ಡುಬ್ಬಕ್ಕೆ ಸಾಕು. ಮೂರನೇದು ಹೊರಗಿಂದ. ಎರಡು ಹೊಳ್ಳೆ ನಡುವೆ ಒಂದು ಗೀರು ಹಾಕಿ ಚರ್ಮ ಎತ್ತುತ್ತಾರೆ, ಕಾರಿನ ಬಾನೆಟ್ ಎತ್ತಿದ ಹಾಗೆ. ಒಳಗಿನದೆಲ್ಲ ಕಣ್ಣಿಗೆ ಕಾಣುತ್ತೆ. ಮುರಿದ ಮೂಗು, ಸೊಟ್ಟ ಮೂಗಿಗೆಲ್ಲ ಇದೇ."

"ಬಾನೆಟ್ ಎತ್ತಿದವರಿಗೆ ಮುಚ್ಚೋಕೆ ಬರದಿದ್ರೆ?"

ಬೆಂಚಿನವಳ ಉಸಿರಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಸಲಹೆಗಾರ್ತಿ ಮೇಜಿನ ಮೇಲಿದ್ದ ಫೋಟೊ ಆಲ್ಬಮ್ಮಿನ ಏಳನೇ ಪುಟ ತೆರೆದಳು. ಅವಳ ಬ್ರಹ್ಮಾಸ್ತ್ರ ಅದು. ಕಣ್ಣಿಗೆ ಕಪ್ಪು ಪಟ್ಟಿ ಬಳಿದ ಎರಡು ಮುಖಗಳು, ಆಪರೇಷನ್ನಿಗೆ ಮೊದಲಿನದು ಮೇಲೆ, ಆಮೇಲಿನದು ಕೆಳಗೆ. ಮೇಲಿನದರಲ್ಲಿ ಮುರಿದು ವಾಲಿದ ಮೂಗು. ಕೆಳಗಿನದರಲ್ಲಿ ಎರಕ ಹೊಯ್ದಂಥ ಮೂಗು.

"ರಸ್ತೆ ಬೋರ್ಡಲ್ಲಿ ಇದನ್ನ ನೋಡೇ ಬಂದದ್ದು," ಎಂದಳು ಹೆಂಗಸು. "ಇದು ಯಾವ ವಿಧ?"

"ಮೂರನೇದು. ನಮ್ಮ ಡಾಕ್ಟರ್ ಕೈಯಾರೆ ಮಾಡಿದ್ದು."

"ಮಚ್ಚೆ ಮೇಲೆ ಎಡಗೆನ್ನೇಲಿದೆ, ಕೆಳಗೆ ಬಲಗೆನ್ನೇಲಿದೆ. ಮೂಗಿನ ಜೊತೆ ಮಚ್ಚೇನೂ ಸಾಗಿಸ್ತೀರಾ?"

ಕೆಲಸಕ್ಕೆ ಸೇರಿದ ವಾರ ಸಲಹೆಗಾರ್ತಿಯೂ ಇದನ್ನೇ ಕೇಳಿದ್ದಳು. ಡಾಕ್ಟರ್ ಆಗ ಹೇಳಿದ್ದನ್ನೇ ಈಗ ಹೇಳಿದಳು. "ಪ್ರಿಂಟ್ ಹಾಕೋವಾಗ ಚಿತ್ರ ತಿರುಗಿದೆ. ಮೂಗಿಗೆ ಅಂತ ಬಂದೋರು ಮಚ್ಚೆ ಹುಡುಕಿದ್ರೆ ಹೇಗೆ ಮೇಡಂ?"

"ನೀವು ನಂಬಿದ್ರಾ?"

ಸಲಹೆಗಾರ್ತಿಗೆ ರೇಗಿತು. "ನಂಬದೆ ಹೆತ್ತ ಮಗಳನ್ನ ಒಳಗೆ ಕಳಿಸ್ತೀನಾ? ಹನ್ನೊಂದಕ್ಕೆ ಅವಳದೇ ಆಪರೇಷನ್. ಇದೇ ಮೂಗು ಬೇಕು ಅಂತ ಇದೇ ಪುಟಕ್ಕೆ ಬೆರಳಿಟ್ಟಳು. ಇಷ್ಟರ ಮೇಲೂ ಅನುಮಾನ ಇದ್ರೆ ಬಾಗಿಲು ಅಲ್ಲಿದೆ."

"ಇವತ್ತಾ?" ಹೆಂಗಸಿನ ದನಿಯ ಮೊನಚು ಮೊದಲ ಸಲ ಮುರಿಯಿತು. ಸರಕ್ಕನೆ ಮಾಸ್ಕ್ ತೆಗೆದಳು.

ಏಳನೇ ಪುಟದ ಎರಕದ ಮೂಗು. ಬಲಗೆನ್ನೆಯ ಮಚ್ಚೆ.

"ಅಯ್ಯೋ, ನೀವೇನಾ!" ಸಲಹೆಗಾರ್ತಿ ಅರಳಿದಳು. "ನಮ್ಮ ಪೇಷಂಟೇ ಆಗಿದ್ದು ಇಷ್ಟೊತ್ತು ನನ್ನ ಪರೀಕ್ಷೆ ಮಾಡ್ತಿದ್ರಾ?" ಮೇಜಿನ ಮೇಲೆ ಬಗ್ಗಿ ಹೊಳ್ಳೆಗಳ ನಡುವೆ ಹುಡುಕಿದಳು. "ಗೀರು ಕೂಡ ಉಳಿದಿಲ್ಲವಲ್ಲ!"

"ಹಾಕಿದ್ರೆ ತಾನೇ ಉಳಿಯೋದು? ಈ ಮೂಗಿಗೆ ಇದುವರೆಗೆ ಯಾರೂ ಕತ್ತರಿ ತಾಗಿಸಿಲ್ಲ. ನಾವು ಅವಳಿಜವಳಿ. ಸ್ಕೂಟರಿಂದ ಬಿದ್ದು ಮೂಗು ಮುರ್ಕೊಂಡವಳು ನನ್ನ ತಂಗಿ. ಥೇಟ್ ಹೀಗೇ ಮಾಡ್ಕೊಡ್ತೀನಿ ಅಂತ ಮಾದರಿಗೆ ನನ್ನ ಫೋಟೊ ತೆಗೆದಿದ್ರು ನಿಮ್ಮ ಡಾಕ್ಟರ್, ಎರಡು ವರ್ಷದ ಹಿಂದೆ."

ಬೆಂಚಿನವಳು ಎದ್ದು ಬಂದು ಪುಟದ ಮೇಲೆ ಬೆರಳಿಟ್ಟಳು. "ಇದು ನಾನು. ಇದು ಅಕ್ಕ." ಎರಡು ಮಾತಿನ ನಡುವೆ ಬಾಯಿ ತೆರೆದು ಉಸಿರೆಳೆದಳು. "ಆಪರೇಷನ್ ಆದಮೇಲಿನದು ಇದರಲ್ಲಿಲ್ಲ."

ಮಾಸ್ಕ್ ಇಳಿಸಿದಳು. ಆ ಮುಖದಲ್ಲಿ ಎಡಗೆನ್ನೆಯ ಮಚ್ಚೆಯೊಂದೇ ತನ್ನ ಜಾಗದಲ್ಲಿತ್ತು.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಐದು. ಸಲಹೆಗಾರ್ತಿ ಚಪ್ಪಲಿಯನ್ನು ಮೇಜಿನ ಕೆಳಗೇ ಬಿಟ್ಟು, ಮಗಳನ್ನು ಕೂಗುತ್ತ ಆಪರೇಷನ್ ಥಿಯೇಟರಿನ ಕಡೆ ಓಡಿದಳು.

ಆ ಆಸ್ಪತ್ರೆ ಹೇಳಿದ ಸುಳ್ಳುಗಳಲ್ಲಿ ಒಂದೇ ಒಂದು ಅವಳ ಪಾಲಿಗೆ ಒದಗಿಬಂತು: ಹನ್ನೊಂದಾಗಲು ನಿಜಕ್ಕೂ ಇನ್ನೂ ಐದು ನಿಮಿಷವಿತ್ತು.