ಮಡುವಿನ ಮರಿಮೀನು

ಪಟಾಕಿ ವಾಸನೆ ಬಂದರೆ ಈಗಲೂ ಎದ್ದು ಕಿಟಕಿ ಮುಚ್ಚುತ್ತೇನೆ.

ನಿಜಾಮರ ಆಳ್ವಿಕೆ ಮುಗಿದ ಮರುಬೇಸಿಗೆ, ಸೋಮವಾರ, ಮಧ್ಯಾಹ್ನ ಮೂರು ಗಂಟೆ. ಯಾದಗಿರಿಯ ಹತ್ತಿರ ಭೀಮಾ ನದಿಯ ಮಡುವಿನ ದಂಡೆಯಲ್ಲಿ ನನ್ನ ಅಜ್ಜ ಮುತ್ಯಾ, ಅವನ ಮಗ ಕಾಕಾ, ಚಿಕ್ಕವಳಾದ ನಾನು ಇದ್ದೆವು. ಕಲ್ಲುಗಣಿಯಿಂದ ತಂದ ಸಿಡಿಮದ್ದನ್ನು ಕಾಕಾ ನೀರಿಗೆಸೆದ. ದಂಡೆ ನಡುಗಿತು, ಮದ್ದಿನ ವಾಸನೆ ಹಬ್ಬಿತು. ಮೀನುಗಳು ಬಿಳಿ ಹೊಟ್ಟೆ ಮೇಲಾಗಿ ತೇಲಿದವು.

“ನಿನ್ನ ಬಲಿಗಿ ಇಷ್ಟಕ್ಕ ಒಂದ್ ತಿಂಗಳು ಬೇಕಿತ್ತಲ್ಲೋ ಯಪ್ಪಾ!” ಕಾಕಾ ನಕ್ಕ.

ಮುತ್ಯಾ ನನ್ನ ಕೈ ಹಿಡಿದು ನೀರಿಗಿಳಿದ. ಬಲೆಗೆ ಸಿಕ್ಕ ಬೆರಳುದ್ದದ ಮರಿಗಳನ್ನು ಅವನು ಯಾವಾಗಲೂ ನೀರಿಗೇ ಬಿಡುತ್ತಿದ್ದ. ಅಂದೂ ತೇಲಿದವುಗಳಲ್ಲಿ ಮರಿಗಳನ್ನು ಆರಿಸಿ ಕೊಟ್ಟ, ನಾನು ಬಿಟ್ಟೆ. ಅವು ತೇಲುತ್ತಾ ನನ್ನ ಮೊಣಕಾಲಿಗೇ ಬಂದು ತಾಗಿದವು.

“ಮುತ್ಯಾ, ಇವು ಯಾಕ ಈಸವಲ್ವು?”

“ಇನ್ನೊಮ್ಮಿ ಬಿಡವ್ವ.”

ಬಿಟ್ಟೆ. ಮತ್ತೆ ಬಿಟ್ಟೆ.

ಸಂಜೆ ಮುತ್ಯಾ ಒದ್ದೆಯೇ ಆಗದ ಬಲೆಯನ್ನು ಕೊಡವಿ ಮಡಚಿದ. ಎಂದಿನಂತೆ ಬಾಗಿಲ ಗೂಟಕ್ಕೆ ಹಾಕದೆ, ಅಟ್ಟದ ಮೇಲಿಡು ಎಂದ. ಇಟ್ಟೆ.