ಉಡಿ ತುಂಬಲು ಬಾರದ ಗವಸು

“ಕೈಗವಸು ಬಿಚ್ಚಿದಿ ಅಂದ್ರ ಕೆಲಸಾನೂ ಬಿಟ್ಟಂಗ, ನೀಲವ್ವ!” ರೊಟ್ಟಿ ಕೇಂದ್ರದ ಮೇಸ್ತ್ರಿ ಈರಪ್ಪ ಒದರಿದ.

“ಹೆದರಸ್ತೀಯೇನೋ? ಬಸುರಿ ಹುಡುಗಿ ತವರಿಗೆ ಹೊಂಟಾಳ. ಉಡಿ ತುಂಬದ ಹಂಗ ಕಳಸಲೇನು?” ನಾನೂ ಒದರಿದೆ.

ಬಾಯಿ ಜಗಳವಾಡುತ್ತಿದ್ದರೂ ನನ್ನ ಕೈಗಳು ತಣ್ಣಗೆ ರೊಟ್ಟಿ ಬಡಿಯುತ್ತಿದ್ದವು. ಊರಿನಲ್ಲಿ ಈಗ ದುಡಿಯುವವರೆಲ್ಲರ ಕೈಗೂ ಕೆಲಸ ಕಲಿಸಿದ ಯಂತ್ರದ ಗವಸು, ಮನೆಯಲ್ಲೂ ಬಿಚ್ಚುವಂತಿಲ್ಲ. ಕೆಲಸಕ್ಕೆ ಬೇಕಾದಷ್ಟೇ ಅದು ನಮ್ಮ ಕೈ ಆಡಿಸುತ್ತದೆ. ಬೈಯುವಾಗ ಕೈ ಬೀಸಲೂ ಬಿಡುವುದಿಲ್ಲ.

ಬಾಣಂತನದ ರಜೆ ಸಿಕ್ಕು ಗವಸು ಕಳಚಿದ್ದ ಶಾಂತಾ ನನ್ನೆದುರು ಸೆರಗೊಡ್ಡಿ ನಿಂತಿದ್ದಳು. ಹೊರಗೆ ಅವಳ ಊರಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಪಕ್ಕದ ತಾಟಿನಲ್ಲಿ ಅಕ್ಕಿ, ಕುಂಕುಮದ ಜೊತೆ ಇಟ್ಟಿದ್ದ ತೆಂಗಿನಕಾಯಿಯತ್ತ ಕೈ ಚಾಚಿದೆ. ಗವಸು ಕೈಯನ್ನು ಮತ್ತೆ ಹಿಟ್ಟಿಗೇ ಎಳೆಯಿತು.

“ಉಡಿ ತುಂಬೋದು ಅದಕ್ಕ ಕಲಿಸಿಲ್ಲ,” ಈರಪ್ಪ ನಕ್ಕ. “ಅದು ದಂಡದ ಕೆಲಸ.”

“ದಂಡದ್ದು ನಿನ್ನ ಬಾಳೇವು!”

ಹಿಟ್ಟಿನ ಮೇಲೆಯೇ ಬಗ್ಗಿ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದೆ. ಹರಿಯಿತು! ಇನ್ನೊಂದೂ ಹರಿಯಿತು! ವರ್ಷಗಳಿಂದ ಗಾಳಿ ಕಾಣದ ಬೆರಳುಗಳು ಕೂಸಿನ ಬೆರಳಿನಂತೆ ಮೆತ್ತಗಿದ್ದವು, ನನ್ನ ಮಾತನ್ನೇ ಕೇಳಲಿಲ್ಲ. ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು. ಕಾಯಿ ಜಾರಿತು, ಶಾಂತಾ ಸೆರಗಿನಲ್ಲೇ ಹಿಡಿದಳು. ಹಣೆಗೆ ಹಚ್ಚಲು ಹೋದ ಕುಂಕುಮ ಮೂಗಿಗೆ ಹತ್ತಿತು.

“ಅಯ್ಯ ಎಕ್ಕಾ, ಭಾಳ ಚಂದ ಆತು ಬಿಡ!” ಎಂದು ಅಳುತ್ತಲೇ ನಕ್ಕಳು.

ಉಳಿದ ಹೆಂಗಸರು ರೊಟ್ಟಿ ಬಡಿಯುತ್ತಲೇ ಸೋಬಾನೆ ಪದ ಎತ್ತಿದರು.

“ನಾಳಿಂದ ಬರಬ್ಯಾಡ!” ಈರಪ್ಪ ಚೀರಿದ.

“ನಾಳೆ ಯಾಕ? ಈಗ ಹೊಂಟೆ!”

ಎರಡೂ ಕೈ ಮನಸಾರೆ ಬೀಸುತ್ತಾ ಶಾಂತಾಳ ಹಿಂದೆಯೇ ಬಸ್ಸು ಹತ್ತಿದೆ. ಮತ್ತೆ ಆ ಕೇಂದ್ರದ ಹೊಸ್ತಿಲು ತುಳಿಯಲಿಲ್ಲ.