ಲಂಡನ್ನಿನ ಮೂರು ಗಂಟೆ

ಪೊರಕೆಯನ್ನು ಮೂಲೆಗಿಟ್ಟು ಅಲಮೇಲು ಹಗುರಾಗಿ ಉಸಿರುಬಿಟ್ಟಳು. "ಮೂರು ಹೊಡೀತು ಮಾವ. ನಿಮ್ಮ ಮಗ ಲಂಡನ್ನಿನಲ್ಲಿ ಇಳಿದಿರ್ತಾರೆ. ಮೊನ್ನೆ ಅವರು ಹೊರಟಾಗಿನಿಂದ ಗುಡಿಸಿರಲಿಲ್ಲ, ಈಗ ಗುಡಿಸಿ ಕಸ ಬೀದಿಗೆ ಹಾಕಿ ಬಂದೆ." ಹೊರಟವರು ಊರು ಮುಟ್ಟುವ ತನಕ ಆ ಮನೆಯ ಹೆಂಗಸರು ಪೊರಕೆ ಮುಟ್ಟುತ್ತಿರಲಿಲ್ಲ.

ಭೂಗೋಳದ ಮೇಷ್ಟ್ರು ಸೀತಾರಾಮಯ್ಯ ನಕ್ಕರು. "ಗುಬ್ಬಿ ಬಸ್ಸು ಅಂದ್ಕೊಂಡ್ಯಾ? ಬೊಂಬಾಯಿಂದ ನಾಲ್ಕೂವರೆ ಸಾವಿರ ಮೈಲಿ ಕಣಮ್ಮ. ಅವನು ಚೀಟೀಲಿ ಬರೆದಿಟ್ಟಿರೋ ಮೂರು ಗಂಟೆ ಲಂಡನ್ ಗಡಿಯಾರದ್ದು. ಆಗ ನಮಗೆ ರಾತ್ರಿ ಎಂಟೂವರೆ."

"ಹಾಗಾದ್ರೆ ಈಗ ಎಲ್ಲಿದಾರೆ?"

"ಈಗ..." ಮೇಷ್ಟ್ರು ಲೆಕ್ಕ ಹಾಕಿದರು. ಇನ್ನೂ ಐದೂವರೆ ಗಂಟೆ. ತರಗತಿಯಲ್ಲಿ ನೂರು ಸಲ ಕೋಲಿಟ್ಟು ತೋರಿಸಿದ್ದ ನೀಲಿ ಸಮುದ್ರ. ಅದರ ಮೇಲೆ, ಕಾಲ ಕೆಳಗೆ ನೆಲವಿಲ್ಲದೆ, ವಿಮಾನದಲ್ಲಿ ಮಗ ಸುಬ್ಬಕೃಷ್ಣ ಕೂತಿದ್ದಾನೆ. ಅವರ ನಗು ನಿಂತಿತು.

"ಇದೆಲ್ಲ ಮೂಢನಂಬಿಕೆ ಅಂತ ನೀವೇ ಬೈತಿದ್ರಲ್ಲ ಮಾವ," ಎಂದಳು ಅಲಮೇಲು, ಅವರ ಬಾಯಿಂದ ಮತ್ತೊಮ್ಮೆ ಆ ಬೈಗುಳ ಕೇಳುವ ಆಸೆಯಿಂದ.

ಮೇಷ್ಟ್ರು ಬರಿಗಾಲಲ್ಲೇ ಬೀದಿಗಿಳಿದು, ಕಸದ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಧೂಳು, ಕೂದಲು, ಮಗ ಹರಿದೆಸೆದಿದ್ದ ಲಕೋಟೆಯ ಚೂರು ಎಲ್ಲವನ್ನೂ ಶಲ್ಯಕ್ಕೆ ಬಳಿದುಕೊಂಡು ಬಂದು, ನಡುಮನೆಯಲ್ಲಿ ಹರಡತೊಡಗಿದರು.